ಪಿಯಾನೋದ ಮೇಲೆ ಚಾದರ

ಹನ್ನೊಂದು ವರ್ಷ ನುಡಿಸಿದೆ, ತನುಂಡದ ಈ ಹಾಲ್‌ನಲ್ಲಿ,
ಪರದೆಯ ಎಡಕ್ಕೆ ಕೂತು.
ಕುದುರೆ ಓಡಿದರೆ ನನ್ನ ಬೆರಳು ಓಡಬೇಕು,
ಹುಡುಗಿ ಅತ್ತರೆ ನನ್ನ ಎಡಗೈ ಅಳಬೇಕು,
ವಾರಕ್ಕೆ ಏಳು ಶಿಲಿಂಗು, ಚಳಿಗಾಲಕ್ಕೆ ಒಂದು ಹೊರೆ ಸೌದೆ.
ಓರೆಯಿಂದಲೇ ನೋಡಿ ನೋಡಿ
ನನ್ನ ಪಾಲಿಗೆ ಎಲ್ಲ ನಾಯಕರ ಮೂಗೂ ಉದ್ದ.

ಇಂದು ಮೊದಲ ಸಲ ಎದುರಿಗೆ ಕೂತಿದ್ದೇನೆ, ಟಿಕೆಟ್ಟು ಕೊಂಡು.
ಪಿಯಾನೋದ ಮೇಲೆ ಚಾದರ, ಚಾದರದ ಮೇಲೆ
ಯಾರದೋ ಫೆಲ್ಟ್ ಟೋಪಿ, ಒಂದು ಬುಟ್ಟಿ ಏಪ್ರಿಕಾಟು.

ಮಾತಾಡುವ ಚಿತ್ರ. ಅದೂ ನಮ್ಮ ಮಾತು.
ಅಡಿಲೇಡಿನಿಂದ ಲಾರಿಯಲ್ಲಿ ಬಂತು, ಏಳು ಡಬ್ಬಿ.
ಬಾಗಿಲಲ್ಲಿ ಹೆನೆಸ್ಸಿ; ಸಮವಸ್ತ್ರವಿಲ್ಲ, ಆದರೂ ಪೇದೆಯೇ.
ಬಂದವರೆಲ್ಲ ಅವನಿಗೆ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ
ಒಳಬಂದು ಸುಮ್ಮನೆ ಕೂತರು.
ಯುದ್ಧದ ವರ್ಷಗಳಲ್ಲಿ ಕಲಿತ ಸುಮ್ಮನೆ ಅದು.
ಆಗ ನನ್ನ ತವರೂರ ಹೆಸರನ್ನು ನಕ್ಷೆಯಿಂದ ಕೆರೆದರು.
ಶಾಲೆಗೆ ಬೀಗ.
ಬೇಕರಿಯಲ್ಲಿ ಎರಡು ಬನ್ನು ಬೇಕೆಂದರೂ ಬೆರಳು ತೋರಿಸುವುದು.
ಮನೆಯಲ್ಲಿದ್ದ ಒಂದೇ ಒಂದು ಕಾದಂಬರಿಯನ್ನು
ಅಮ್ಮ ಎಣ್ಣೆಬಟ್ಟೆಯಲ್ಲಿ ಸುತ್ತಿ
ಕೋಳಿಗೂಡಿನ ಅಡಿ ಹೂತಳು.

ಅದೇ ಕಾದಂಬರಿ, ಈ ಚಿತ್ರ.

ಪುಟ ತಿರುವಿದರೆ ಈಗಲೂ ಪುಕ್ಕದ ವಾಸನೆ.
ಹದಿನೆಂಟು ಸಲ ಓದಿದ್ದೇನೆ. ಕೆಲಸದ ಹುಡುಗಿ ಲೇನಳಿಗೆ
ನನ್ನ ಅಜ್ಜಿಯ ದನಿ ಕೊಟ್ಟಿದ್ದೆ,
ಗಂಟಲಲ್ಲಿ ಸಣ್ಣ ಕಲ್ಲೊಂದನ್ನು ಇಟ್ಟುಕೊಂಡ
ಸೈಲೀಸಿಯಾದ ದನಿ.

ದೀಪ ಆರಿತು. ಮೊದಲು ಬಂದದ್ದು ಮಾತಲ್ಲ,
ಕುಡುಗೋಲು ಮಸೆಯುವ ಸದ್ದು.
ಮುಂದಿನ ಸಾಲಿನ ಮುದುಕ ಕ್ಲೆಮ್ಕೆ
ಹೆಬ್ಬೆರಳ ಹಳೆಯ ಗಾಯ ಮುಟ್ಟಿ ನೋಡಿಕೊಂಡ.

ಪರದೆಯ ಮೇಲೆ ಹಿಮ, ಕೊಟ್ಟಿಗೆ, ಬಾಯಿಂದ ಹಬೆ.
ಇಲ್ಲಿ ಫೆಬ್ರವರಿ; ತಗಡಿನ ಚಾವಣಿಯಡಿ ಬೇಯುತ್ತಿದ್ದೇವೆ,
ನಾಳೆ ನಾಡಿದ್ದರಲ್ಲಿ ದ್ರಾಕ್ಷಿ ಕೊಯ್ಲು.
ದೊಡ್ಡ ಮಗನಿಗೆ ಹೊಲ, ಚಿಕ್ಕವನಿಗೆ ಹೊಟ್ಟೆಕಿಚ್ಚು,
ನಡುವೆ ಬಕೆಟ್ಟು ಹೊತ್ತು ಬರುವ ಲೇನ.
ಬಾಯಿ ತೆರೆದಳು.
ಅಯ್ಯೋ, ಬರ್ಲಿನ್ನಿನ ಅಂಗಡಿಯಲ್ಲಿ ಕೈಗವಸು ಮಾರುವವಳ ದನಿ!
ಹಸು ಕರೆದ ಕೈಯವಳು ಹಾಗೆ ಮಾತಾಡುವಳೇ?
ನಮ್ಮಲ್ಲಿ ಅರ್ಧ ಜನಕ್ಕೆ ಅರ್ಧ ತಿಳಿಯಲಿಲ್ಲ.
ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಏನಂದಳು ಏನಂದಳು ಎಂದು ಜಗ್ಗಿದರು.
ತೊಡೆಯ ಮೇಲೆ ನನ್ನ ಬೆರಳು
ತಮ್ಮಷ್ಟಕ್ಕೆ ನುಡಿಸುತ್ತಲೇ ಇದ್ದವು.

ಐದನೇ ಡಬ್ಬಿಯಲ್ಲಿ ಸದ್ದು ಸತ್ತಿತು.
ಬಾವಿಕಟ್ಟೆ, ಯಜಮಾನನ ಎತ್ತಿದ ಕೈ,
ತುಟಿ ಮಾತ್ರ ಆಡುವ ಲೇನ.
ಮೇಲಿನ ಗೂಡಿನಲ್ಲಿ ಯಂತ್ರದ ಹುಡುಗ ಬೈದುಕೊಂಡ.
ಕತ್ತಲಲ್ಲಿ ಒಂದೊಂದೇ ತಲೆ ನನ್ನತ್ತ ತಿರುಗಿತು,
ಹಳೆಯ ಅಭ್ಯಾಸ.
ಎದ್ದೆ. ಚಾದರದವರೆಗೂ ಹೋದೆ.
ಟೋಪಿ ತೆಗೆಯಬೇಕು, ಬುಟ್ಟಿ ಇಳಿಸಬೇಕು,
ಅಷ್ಟರಲ್ಲಿ ಬಾವಿಕಟ್ಟೆ ಮುಗಿದುಬಿಡುತ್ತದೆ.
ಬಾಯಿ ತಾನೇ ತೆರೆದುಕೊಂಡಿತು.

ಇನ್ನೂರ ಹನ್ನೊಂದನೇ ಪುಟ, ಗಂಟಲ ಕಲ್ಲು ಸಮೇತ:
‘ಹೊಲ ನಿಮ್ಮದು, ಯಜಮಾನರೇ. ಹೊಟ್ಟೆಯೊಳಗಿರುವುದು ನನ್ನದು.
ಅದಕ್ಕೆ ಹೆಸರು ನಾನಿಡುತ್ತೇನೆ.’

ಹದಿನಾಲ್ಕು ವರ್ಷದಿಂದ ಈ ಹಾಲ್‌ನಲ್ಲಿ
ಆ ನುಡಿಯನ್ನು ಇಷ್ಟು ಗಟ್ಟಿಯಾಗಿ ಯಾರೂ ಆಡಿರಲಿಲ್ಲ.
ಬೀಸಣಿಗೆಗಳೆಲ್ಲ ನಿಂತವು.
ಆಗ ಕ್ಲೆಮ್ಕೆ, ಕೂತಲ್ಲಿಂದಲೇ, ಕೆಮ್ಮಿ,
ಯಜಮಾನನ ಉತ್ತರ ಕೊಟ್ಟ. ಅಕ್ಷರ ತಪ್ಪಲಿಲ್ಲ.
ಅವನ ಕೋಳಿಗೂಡಿನ ಅಡಿ ಏನಿತ್ತೋ!

ನಾಲ್ಕು ಮಾತು ಆಡಿದೆವು, ಐದಿರಬಹುದು.
ಗೊರಗೊರ ಎಂದು ಸದ್ದು ವಾಪಸು ಬಂತು,
ಹಸುವೊಂದು ಅಂಬಾ ಎಂದಿತು,
ಇಡೀ ಊರು ನಕ್ಕಿತು.

ಪುಸ್ತಕದಲ್ಲಿ ಒಬ್ಬಳೇ ರೈಲು ಹತ್ತುವ ಲೇನ
ಚಿತ್ರದಲ್ಲಿ ಮದುವೆಯ ಗಾಡಿ ಹತ್ತಿದಳು.
ಮಗುವಿಗೆ ಯಜಮಾನನೇ ಹೆಸರಿಟ್ಟ.
ಜನ ಕಣ್ಣೊರೆಸಿಕೊಂಡರು. ನಾನು ಟಿಕೆಟ್ಟನ್ನು ಸಣ್ಣಗೆ ಹರಿದೆ.

ಬಾಗಿಲಲ್ಲಿ ಹೆನೆಸ್ಸಿ ತಡೆದ:
‘ಆಗ ಏನೋ ಕೂಗಿದಿರಲ್ಲ ಮೇಡಂ, ಏನದು?’
‘ಪಿಯಾನೋದ ಮೇಲೆ ಯಾರದೋ ಟೋಪಿ ಇದೆ ಅಂದೆ.’
ಅವನು ತಲೆ ಮುಟ್ಟಿಕೊಂಡು ಒಳಗೆ ಹೋದ.